ಮಿನಿವ್ಯಾನಿನ ಹಿಂದಿನ ಸೀಟಿನ ಟಿವಿ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ಅಮೆರಿಕದಲ್ಲಿ ಮಕ್ಕಳಿರುವ ಕನ್ನಡದ ಮನೆಗಳ ಮುಂದೆ ಮಿನಿವ್ಯಾನ್ ನಿಂತಿರುವುದು ತೀರಾ ಮಾಮೂಲಿ. ಹೋಂಡಾ ಒಡಿಸ್ಸಿ, ಟೊಯೋಟಾ ಸಿಯೆನಾ, ಕ್ರೈಸ್ಲರ್ ಪೆಸಿಫಿಕಾ, ಇಲ್ಲವೇ ಹಳೆಯ ಡಾಡ್ಜ್ ಗ್ರ್ಯಾಂಡ್ ಕ್ಯಾರವಾನ್. ಸೆಕೆಂಡ್ ಹ್ಯಾಂಡ್ ತಗೊಂಡವರೂ ಬೇಕಾದಷ್ಟು ಜನ. ಹಳೆಯ ಮಾಲೀಕರು ಮ್ಯಾನ್ಯುಯಲ್ ಕಳೆದಿರುತ್ತಾರೆ, ಎರಡು ಹೆಡ್‌ಫೋನಿನಲ್ಲಿ ಒಂದು ಮುರಿದಿರುತ್ತದೆ, ರಿಮೋಟ್ ಸೀಟಿನ ಸಂದಿಯಲ್ಲೆಲ್ಲೋ ಬಿದ್ದಿರುತ್ತದೆ. ಪಿಟ್ಸ್‌ಬರ್ಗ್ ದೇವಸ್ಥಾನಕ್ಕೋ ನಯಾಗರಕ್ಕೋ ಹೊರಟ ದಿನವೇ ಹಿಂದಿನ ಟಿವಿ ಸುಮ್ನೆ ಕಪ್ಪಗೆ ಕೂತುಬಿಡುತ್ತದೆ.

ಡೀಲರ್ ಹತ್ತಿರ ಹೋದರೆ ಏನಾಗಿದೆ ಎಂದು ನೋಡುವುದಕ್ಕೇ ನೂರು ಡಾಲರಿನ ಮೇಲೆ ಬಿಲ್ ಆಗುವುದುಂಟು. ಆದರೆ ಇಂಥ ದೂರುಗಳಲ್ಲಿ ಸ್ಕ್ರೀನ್ ನಿಜವಾಗಿ ಸುಟ್ಟುಹೋಗಿರುವುದು ಕಡಿಮೆ. ಖಾಲಿಯಾದ ಸೆಲ್, ತಪ್ಪು ಚಾನೆಲ್, ಮುಂದಿನಿಂದ ಹಾಕಿದ ಲಾಕ್, ತಪ್ಪು ಸೋರ್ಸ್ (ಚಿತ್ರ ಡಿಸ್ಕಿನಿಂದ ಬರಬೇಕೋ ಕೇಬಲ್‌ನಿಂದಲೋ ಎಂಬ ಆಯ್ಕೆ), ಈ ಗಾಡಿ ಓದಲಾರದ ಡಿಸ್ಕ್. ಬಹಳ ಸಲ ಇವುಗಳಲ್ಲೇ ಒಂದು.

ಹುಡುಕುವ ಮುನ್ನ ಒಂದು ವಿಷಯ ತಲೆಯಲ್ಲಿರಲಿ. ಕರೆಂಟ್, ಚಿತ್ರ, ಶಬ್ದ, ರಿಮೋಟ್ ನಾಲ್ಕೂ ಬೇರೆ ಬೇರೆ ದಾರಿಯಲ್ಲಿ ಬರುತ್ತವೆ. ಚಿತ್ರ ಬಂದು ಶಬ್ದ ಇಲ್ಲ ಅಂದರೆ ಆ ಸ್ಕ್ರೀನಿನ ಫ್ಯೂಸ್ ನೋಡುವ ಕೆಲಸವೇ ಇಲ್ಲ. ಮುಂದಿನ ಪ್ಯಾನೆಲ್‌ನಿಂದ ಸಿನಿಮಾ ಓಡಿ, ರಿಮೋಟ್‌ನಿಂದ ಓಡದಿದ್ದರೆ ಪ್ಲೇಯರ್ ಚೆನ್ನಾಗಿದೆ ಎಂದೇ ಅರ್ಥ. ಏನು ಕೆಲಸ ಮಾಡುತ್ತಿಲ್ಲ ಅನ್ನುವುದಕ್ಕಿಂತ ಏನೇನು ಮಾಡುತ್ತಿದೆ ಎಂದು ಮೊದಲು ನೋಡಿಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಈ ಹಿಂದಿನ ಟಿವಿ ವ್ಯವಸ್ಥೆಗೆ ಕಂಪನಿಗೊಂದು ಹೆಸರಿದೆ ಅನ್ನುವುದೂ ಗೊತ್ತಿರಲಿ. ಹೋಂಡಾದಲ್ಲಿ ಆರ್‌ಇಎಸ್, ಟೊಯೋಟಾದಲ್ಲಿ ಆರ್‌ಎಸ್‌ಇ, ಕ್ರೈಸ್ಲರ್ ಮತ್ತು ಡಾಡ್ಜ್‌ನಲ್ಲಿ ಮೊದಲು ವಿಇಎಸ್, ಪೆಸಿಫಿಕಾದಲ್ಲಿ ಯುಕನೆಕ್ಟ್ ಥಿಯೇಟರ್. ಮ್ಯಾನ್ಯುಯಲ್‌ನಲ್ಲಿ, ಫ್ಯೂಸ್ ಪಟ್ಟಿಯಲ್ಲಿ ಹುಡುಕುವಾಗ ಈ ಹೆಸರೇ ಬೇಕು. ಮ್ಯಾನ್ಯುಯಲ್ ಇಲ್ಲದಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಗಾಡಿಯ ವರ್ಷ ಕೊಟ್ಟು ಪುಕ್ಕಟೆ ಇಳಿಸಿಕೊಳ್ಳಬಹುದು.

## ಕೈ ಹಾಕುವ ಮುನ್ನ

ಎಲ್ಲ ಪರೀಕ್ಷೆಯೂ ಗಾಡಿ ನಿಲ್ಲಿಸಿ ಮಾಡುವಂಥವು. ಓಡುತ್ತಿರುವಾಗ ಮಗು ಬೆಲ್ಟ್ ಬಿಚ್ಚಿ ಮುಂದೆ ಬಂದು ಕೇಬಲ್ ಚುಚ್ಚುವುದು ಬೇಡ. ಡ್ರೈವರ್ ಹಿಂದೆ ತಿರುಗಿ "ಆ ಗುಂಡಿ ಅಲ್ಲ, ಪಕ್ಕದ್ದು" ಅನ್ನುವುದಂತೂ ಬೇಡವೇ ಬೇಡ. ಮುಂದಿನ ರೆಸ್ಟ್ ಏರಿಯಾ ತನಕ ಟಿವಿ ಇಲ್ಲದೆ ನಡೆಯುತ್ತದೆ.

ಚಳಿಗಾಲದಲ್ಲಿ ಇದನ್ನೆಲ್ಲ ಗ್ಯಾರೇಜಿನೊಳಗೆ ಮಾಡುವ ಆಸೆಯಾಗುತ್ತದೆ. ಗ್ಯಾರೇಜಿನಲ್ಲಿ ಎಂಜಿನ್ ಆನ್ ಮಾಡಿ ಕೂರಬೇಡಿ. ಬಾಗಿಲು ತೆರೆದಿದ್ದರೂ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ. ಗಾಡಿಯನ್ನು ಡ್ರೈವ್‌ವೇಗೆ ತಂದುಕೊಳ್ಳಿ. ಎಂಜಿನ್ ಆಫ್ ಮಾಡಿ ಕೀ ಅನ್ನು ಆಕ್ಸೆಸರಿಯಲ್ಲಿಟ್ಟರೆ ಟಿವಿ ಬರುತ್ತದೆ. ಆದರೆ ಬಹಳ ಹೊತ್ತು ಹಾಗೇ ಬಿಟ್ಟರೆ ಗಾಡಿಯ ಬ್ಯಾಟರಿ ಇಳಿಯುತ್ತದೆ.

## ರಿಮೋಟ್ ಒತ್ತಿದರೆ ಏನೂ ಆಗುತ್ತಿಲ್ಲ

ಮುಂದಿನ ಪ್ಯಾನೆಲ್‌ನಲ್ಲಿ, ಅಥವಾ ಸ್ಕ್ರೀನಿನ ಪಕ್ಕದ ಗುಂಡಿಗಳಲ್ಲಿ ಪ್ಲೇ ಒತ್ತಿ ನೋಡಿ. ಸಿನಿಮಾ ಶುರುವಾದರೆ ತೊಂದರೆ ರಿಮೋಟ್ ಮತ್ತು ಅದರ ಸಿಗ್ನಲ್ ಹಿಡಿಯುವ ಕಣ್ಣು, ಇವೆರಡರ ನಡುವೆ ಇದೆ. ಶುರುವಾಗದಿದ್ದರೆ ರಿಮೋಟನ್ನು ಸದ್ಯಕ್ಕೆ ಮರೆತು ಮುಂದಿನ ಭಾಗಗಳಿಗೆ ಹೋಗಿ.

ಈ ರಿಮೋಟ್‌ಗಳಲ್ಲಿ ಹೆಚ್ಚಿನವು ಇನ್‌ಫ್ರಾರೆಡ್. ಅದರ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಫೋನಿನ ಕ್ಯಾಮೆರಾಗೆ ಕಾಣುತ್ತದೆ. ಕ್ಯಾಮೆರಾ ತೆರೆದು ರಿಮೋಟಿನ ಮೂತಿಯನ್ನು ಅದರ ಕಡೆ ಹಿಡಿದು ಯಾವುದಾದರೂ ಗುಂಡಿ ಒತ್ತಿ. ಚಿಕ್ಕ ನೇರಳೆ ಅಥವಾ ಬಿಳಿ ಚುಕ್ಕಿ ಪಟಪಟ ಮಿನುಗಬೇಕು. ಎಷ್ಟೋ ಫೋನುಗಳ ಹಿಂದಿನ ಕ್ಯಾಮೆರಾ ಈ ಬೆಳಕನ್ನು ತಡೆಯುತ್ತದೆ. ಅದಕ್ಕೇ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ನಿಮ್ಮ ಫೋನು ತೋರಿಸುತ್ತದೋ ಇಲ್ಲವೋ ಅನುಮಾನವಿದ್ದರೆ ಮನೆಯ ಎಸಿಯ ಅಥವಾ ಹಳೆಯ ಟಿವಿಯ ಚೆನ್ನಾಗಿರುವ ರಿಮೋಟ್ ಹಿಡಿದು ಮೊದಲು ಖಾತ್ರಿ ಮಾಡಿಕೊಳ್ಳಿ.

ಚುಕ್ಕಿ ಮಿನುಗಲಿಲ್ಲವಾದರೆ ಸೆಲ್ ಬದಲಾಯಿಸಿ. ಎರಡನ್ನೂ ಒಟ್ಟಿಗೆ ಬದಲಾಯಿಸಿ, ಹಳೆಯದು ಹೊಸದು ಬೆರೆಸಬೇಡಿ. ಬೇಸಿಗೆಯ ಪಾರ್ಕಿಂಗ್ ಲಾಟ್‌ನಲ್ಲಿ ಬೆಂದ ಗಾಡಿಯಲ್ಲಿ ಸೆಲ್ ಸೋರುವುದು ಮಾಮೂಲಿ. ಮುಚ್ಚಳ ತೆಗೆದರೆ ಸ್ಪ್ರಿಂಗಿನ ಬುಡದಲ್ಲಿ ಬಿಳಿ ಪುಡಿ ಕಟ್ಟಿರುತ್ತದೆ, ಕೆಲವೊಮ್ಮೆ ನೀಲಿ ಹಸಿರು ಕಿಲುಬು. ಬರಿಗೈಯಲ್ಲಿ ಮುಟ್ಟಬೇಡಿ, ಅದು ಕ್ಷಾರ, ಚರ್ಮ ಉರಿಯುತ್ತದೆ. ಕಿವಿ ಸ್ವಚ್ಛ ಮಾಡುವ ಹತ್ತಿಕಡ್ಡಿಗೆ ಒಂದು ಹನಿ ವಿನೆಗರ್ ಅಥವಾ ನಿಂಬೆರಸ ತಾಗಿಸಿ ಉಜ್ಜಿ. ಸಣ್ಣಗೆ ನೊರೆ ಬಂದು ಪುಡಿ ಬಿಡುತ್ತದೆ. ಆಮೇಲೆ ರಬ್ಬಿಂಗ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಹೊಸ ಸೆಲ್ ಹಾಕಿ. ಸ್ಪ್ರಿಂಗ್ ತುಕ್ಕು ಹಿಡಿದು ಮುರಿದೇ ಹೋಗಿದ್ದರೆ ರಿಮೋಟ್ ಮುಗಿಯಿತು ಅಂದುಕೊಳ್ಳಿ. ಹಿಂಬದಿಯ ಪಾರ್ಟ್ ನಂಬರ್ ಹಾಕಿ ಹುಡುಕಿದರೆ ಬದಲಿ ರಿಮೋಟ್ ಆನ್‌ಲೈನಿನಲ್ಲಿ ಅಗ್ಗಕ್ಕೇ ಸಿಗುತ್ತದೆ.

ಕೆಲವು ರಿಮೋಟ್‌ಗಳಲ್ಲಿ ಬಟನ್ ಸೆಲ್ ಇರುತ್ತದೆ, ನಾಣ್ಯದ ಹಾಗೆ ಚಪ್ಪಟೆಯಾದದ್ದು. ಹಳೆಯ ಸೆಲ್ಲನ್ನು ಕಪ್ ಹೋಲ್ಡರಿನಲ್ಲಿ ಹಾಕಿ ಮರೆಯಬೇಡಿ. ಮುಚ್ಚಳ ಸಡಿಲವಾಗಿದ್ದರೆ ರಿಮೋಟನ್ನೇ ಮಗುವಿನ ಕೈಗೆ ಕೊಡಬೇಡಿ. ನುಂಗಿದ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಒಳಗೆ ಸುಟ್ಟುಬಿಡಬಹುದು. ನುಂಗಿರಬಹುದು ಎಂಬ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ, ನೋವು ಶುರುವಾಗಲಿ ಎಂದು ಕಾಯಬೇಡಿ, ತಕ್ಷಣ ಎಮರ್ಜೆನ್ಸಿಗೆ ಹೊರಡಿ. ಬ್ಯಾಟರಿ ನುಂಗಿದವರಿಗೆಂದೇ ಅಮೆರಿಕದಲ್ಲಿ 800-498-8666 ಎಂಬ ಸಹಾಯವಾಣಿ ಇದೆ. 2022ರ ರೀಸ್ ಕಾನೂನು ಬಂದ ಮೇಲೆ ಬಟನ್ ಸೆಲ್ ಸಾಮಾನಿನ ಮುಚ್ಚಳ ಮಕ್ಕಳಿಗೆ ಸುಲಭವಾಗಿ ತೆಗೆಯಲು ಬಾರದಂತಿರಬೇಕು. ನಿಮ್ಮ ಹಳೆಯ ರಿಮೋಟ್ ಅದಕ್ಕಿಂತ ಮುಂಚಿನದು ಅಲ್ವಾ, ಅದಕ್ಕೇ ಹುಷಾರು.

ಈಗ ಚುಕ್ಕಿ ಚೆನ್ನಾಗಿ ಮಿನುಗುತ್ತಿದೆ, ಆದರೂ ಟಿವಿ ಮಾತು ಕೇಳುತ್ತಿಲ್ಲ ಅಂದುಕೊಳ್ಳಿ. ಆಗ ಲಾಕ್ ನೋಡಿ. ಮಕ್ಕಳು ಮನಸ್ಸಿಗೆ ಬಂದದ್ದು ಒತ್ತಬಾರದು ಎಂದು ಹಿಂದಿನ ಕಂಟ್ರೋಲನ್ನು ಮುಂದಿನಿಂದಲೇ ಬಂದ್ ಮಾಡುವ ಸೌಲಭ್ಯ ಎಷ್ಟೋ ವ್ಯಾನುಗಳಲ್ಲಿದೆ. ಯಾರೋ ಗೊತ್ತಿಲ್ಲದೆ ಅದನ್ನು ಒತ್ತಿರುತ್ತಾರೆ. ಮುಂದಿನ ಸ್ಕ್ರೀನಿನ ಮೆನುವಿನಲ್ಲಿ ರಿಯರ್ ಕಂಟ್ರೋಲ್, ರಿಯರ್ ಲಾಕ್, ರಿಮೋಟ್ ಲಾಕ್ ಇಂಥ ಹೆಸರು ಹುಡುಕಿ ಆಫ್ ಮಾಡಿ.

ಕ್ರೈಸ್ಲರ್, ಡಾಡ್ಜ್ ವ್ಯಾನುಗಳಲ್ಲಿ ಎರಡು ಸ್ಕ್ರೀನ್ ಇದ್ದರೆ ರಿಮೋಟಿನ ಮೇಲೆ 1, 2 ಎಂಬ ಚಾನೆಲ್ ಸ್ವಿಚ್ ಇರುತ್ತದೆ. 2ರಲ್ಲಿಟ್ಟು ಒತ್ತಿದರೆ ಮೂರನೇ ಸಾಲಿನ ಸ್ಕ್ರೀನ್ ಬದಲಾಗುತ್ತದೆ, ಎದುರಿನದು ಹಾಗೇ ಇರುತ್ತದೆ. ಹಿಂದೆ ಕೂತ ಅಣ್ಣ "ನನ್ನ ಸಿನಿಮಾ ಯಾಕೆ ನಿಂತಿತು" ಅಂತ ಕೂಗಿದರೆ ಕಾರಣ ಸಿಕ್ಕಿತು.

ಕೊನೆಗೆ ಸಿಗ್ನಲ್ ಹಿಡಿಯುವ ಕಣ್ಣು. ಸ್ಕ್ರೀನಿನ ಅಂಚಿನಲ್ಲೋ ಛಾವಣಿಯ ಪ್ಯಾನೆಲ್‌ನಲ್ಲೋ ಕಪ್ಪಗೆ ಹೊಳೆಯುವ ಚಿಕ್ಕ ಕಿಟಕಿ ಅದು. ಮಕ್ಕಳು ಸ್ಟಿಕ್ಕರ್ ಅಂಟಿಸುವುದಕ್ಕೆ ಅದೇ ಜಾಗ ಹುಡುಕಿಕೊಂಡಿರುತ್ತಾರೆ. ತೆಗೆದು ಅಂಟು ಒರೆಸಿ. ನೇರ ಬಿಸಿಲು ಆ ಕಿಟಕಿಯ ಮೇಲೆ ಬೀಳುತ್ತಿದ್ದರೂ ರಿಮೋಟ್ ಹಿಡಿಯುವುದಿಲ್ಲ. ಕಿಟಕಿಯ ಪರದೆ ಎಳೆದು ನೋಡಿ.

ಹಳೆಯ ಒಡಿಸ್ಸಿಗಳಲ್ಲಿ ರಿಮೋಟ್ ಛಾವಣಿಯ ಪ್ಯಾನೆಲ್‌ನಲ್ಲೇ ಕೂತಿರುತ್ತದೆ, ಗುಂಡಿ ಒತ್ತಿದರೆ ಕೈಗೆ ಬರುತ್ತದೆ. ಅಂದರೆ ಅದಕ್ಕೊಂದು ಮನೆಯಿದೆ. ವಾಪಸ್ ಅಲ್ಲೇ ಇಡುವ ಅಭ್ಯಾಸ ಮಾಡಿಸಿದರೆ ಸೀಟಿನಡಿ ತಡಕಾಡುವ ಕೆಲಸ ತಪ್ಪುತ್ತದೆ.

## ಚಿತ್ರ ಬರುತ್ತಿದೆ, ಹೆಡ್‌ಫೋನಿನಲ್ಲಿ ಶಬ್ದ ಇಲ್ಲ

ಮಕ್ಕಳಿಂದ ಜಾಸ್ತಿ ಬರುವ ದೂರು ಇದು. ಮೊದಲು ಹೆಡ್‌ಫೋನಿನ ಪುಟ್ಟ ದೀಪ ನೋಡಿ. ಹತ್ತದಿದ್ದರೆ ಸೆಲ್ ಇಲ್ಲ, ಅಥವಾ ತಿರುಗಾಮುರುಗಾ ಹಾಕಿದ್ದಾರೆ. ಸಿಗ್ನಲ್ ಸಿಗದೆ ಕೆಲವು ನಿಮಿಷ ಕಳೆದರೆ ತಾನಾಗಿಯೇ ಆಫ್ ಆಗುವ ಹೆಡ್‌ಫೋನುಗಳೂ ಇವೆ. ಪವರ್ ಗುಂಡಿ ಮತ್ತೊಮ್ಮೆ ಒತ್ತಬೇಕು.

ಆಮೇಲೆ ಚಾನೆಲ್. ಕಿವಿಯ ಬಟ್ಟಲಿನ ಹೊರಗೆ ಸಣ್ಣ ಸ್ವಿಚ್ ಇರುತ್ತದೆ, ಎ ಮತ್ತು ಬಿ, ಇಲ್ಲವೇ 1 ಮತ್ತು 2. ಮಕ್ಕಳ ಬೆರಳಿಗೆ ಸಿಕ್ಕಿ ಇದು ಜಾರುತ್ತಲೇ ಇರುತ್ತದೆ. ಒಂದೇ ಸ್ಕ್ರೀನಿನ ವ್ಯಾನಿನಲ್ಲಿ ಸಾಮಾನ್ಯವಾಗಿ ಎ ಸರಿ. ಎರಡು ಸ್ಕ್ರೀನಿನ ಕ್ರೈಸ್ಲರ್‌ನಲ್ಲಿ 1 ಎರಡನೇ ಸಾಲಿಗೆ, 2 ಮೂರನೇ ಸಾಲಿಗೆ. 2011ರ ಮಾಡೆಲ್ ಸಿಯೆನಾದ 16.4 ಇಂಚಿನ ಅಗಲ ಸ್ಕ್ರೀನ್ ಎರಡು ಭಾಗವಾಗಿ ಎರಡು ಬೇರೆ ಚಿತ್ರ ತೋರಿಸಬಲ್ಲದು. ಅಲ್ಲಿ ಎಡಕ್ಕೊಂದು ಚಾನೆಲ್, ಬಲಕ್ಕೊಂದು. ಎಡದ ಚಿತ್ರ ನೋಡುತ್ತಾ ಬಲದ ಶಬ್ದ ಕೇಳಿಸಿಕೊಳ್ಳುವ ತಮಾಷೆ ಇದರಿಂದಲೇ ಆಗುವುದು.

ಇಲ್ಲೊಂದು ಮುಖ್ಯ ಮಾತು. ಗಾಡಿಯ ಜೊತೆ ಬಂದ ಹೆಡ್‌ಫೋನುಗಳಲ್ಲಿ ಬಹುತೇಕ ಇನ್‌ಫ್ರಾರೆಡ್, ಬ್ಲೂಟೂತ್ ಅಲ್ಲ. ಮನೆಯಲ್ಲಿರುವ ಬ್ಲೂಟೂತ್ ಹೆಡ್‌ಫೋನ್ ಅದಕ್ಕೆ ಜೋಡಿಯಾಗುವುದೇ ಇಲ್ಲ, ಎಷ್ಟು ಹೊತ್ತು ಹುಡುಕಿಸಿದರೂ ಅಷ್ಟೇ. ಹೊಸದು ಬೇಕಾದರೆ ಕಾರಿನ ಎರಡು ಚಾನೆಲ್ ಇನ್‌ಫ್ರಾರೆಡ್ ಹೆಡ್‌ಫೋನ್ ಎಂದು ಕೇಳಿ. ಎ ಚಾನೆಲ್‌ಗೆ 2.3 ಮತ್ತು 2.8 ಮೆಗಾಹರ್ಟ್ಸ್, ಬಿ ಚಾನೆಲ್‌ಗೆ 3.2 ಮತ್ತು 3.8 ಎಂದು ಪೆಟ್ಟಿಗೆಯ ಮೇಲಿದ್ದರೆ ಸಾಮಾನ್ಯವಾಗಿ ಬೇರೆ ಕಂಪನಿಯದ್ದೂ ನಡೆಯುತ್ತದೆ. ಡೀಲರ್ ಬೆಲೆ ಕೊಡುವ ಅಗತ್ಯವಿಲ್ಲ.

ಶಬ್ದ ಬರುತ್ತದೆ, ಆದರೆ ಸರಸರ ಅನ್ನುತ್ತದೆ, ತಲೆ ತಿರುಗಿಸಿದಾಗ ಕಡಿಯುತ್ತದೆ? ಸೆಲ್ ಇಳಿದಿದೆ, ಇಲ್ಲವೇ ಹೆಡ್‌ಫೋನು ಮತ್ತು ಛಾವಣಿಯ ನಡುವೆ ಏನೋ ಅಡ್ಡ ಬಂದಿದೆ. ಈ ಬೆಳಕು ಸೀಟಿನ ತಲೆದಿಂಬು, ದಿಂಬಿನ ರಾಶಿ, ಮೇಲೆ ಹೊದ್ದ ಬ್ಲಾಂಕೆಟ್ ಯಾವುದನ್ನೂ ದಾಟುವುದಿಲ್ಲ. ಮಗು ಮಲಗಿಕೊಂಡು ನೋಡುತ್ತಿದ್ದರೂ ಹೀಗಾಗುತ್ತದೆ. ಎಡ ಬಲ ಗುರುತು ನೋಡಿ ಸರಿಯಾಗಿ ಹಾಕಿ. ಕೆಲವು ಹೆಡ್‌ಫೋನಿನಲ್ಲಿ ಸೆನ್ಸರ್ ಮುಂದಕ್ಕೆ ಮುಖ ಮಾಡಿರುತ್ತದೆ, ಉಲ್ಟಾ ಹಾಕಿದರೆ ಅದು ಡಿಕ್ಕಿ ಕಡೆ ನೋಡುತ್ತಿರುತ್ತದೆ.

ಒಂದು ಹೆಡ್‌ಫೋನಿನಲ್ಲಿ ಕೇಳಿಸಿ ಇನ್ನೊಂದರಲ್ಲಿ ಇಲ್ಲವೆಂದರೆ ಕೆಟ್ಟಿರುವುದು ಆ ಹೆಡ್‌ಫೋನು, ಗಾಡಿಯಲ್ಲ. ಎರಡರಲ್ಲೂ, ಎರಡೂ ಚಾನೆಲ್‌ನಲ್ಲೂ, ಹೊಸ ಸೆಲ್ ಹಾಕಿದ ಮೇಲೂ ಇಲ್ಲ ಅಂದರೆ ಮಾತ್ರ ಛಾವಣಿಯಲ್ಲಿರುವ ಸಿಗ್ನಲ್ ಕಳಿಸುವ ದೀಪಗಳ ಮೇಲೆ ಅನುಮಾನ ಪಡಿ. ಅವನ್ನೂ ಫೋನಿನ ಕ್ಯಾಮೆರಾದಲ್ಲಿ ನೋಡಬಹುದು. ಸಿನಿಮಾ ಓಡುತ್ತಿರುವಾಗ ಸ್ಕ್ರೀನಿನ ಬದಿಯಲ್ಲಿ ಮಂದವಾಗಿ ಹೊಳೆಯಬೇಕು.

## ಹೆಡ್‌ಫೋನಿನಲ್ಲಿ ಇದೆ, ಸ್ಪೀಕರಿನಲ್ಲಿ ಇಲ್ಲ

ಇದು ದೋಷವೇ ಅಲ್ಲ. ಹಿಂದಿನವರು ಸಿನಿಮಾ ನೋಡುವಾಗ ಮುಂದಿನವರು ಭಾವಗೀತೆ ಕೇಳಲಿ ಎಂದೇ ಎರಡನ್ನೂ ಬೇರೆ ಇಟ್ಟಿದ್ದಾರೆ. ಎಲ್ಲರಿಗೂ ಕೇಳಿಸಬೇಕಾದರೆ ಮುಂದಿನ ಆಡಿಯೋ ಸೋರ್ಸನ್ನೂ ಡಿವಿಡಿಗೆ ಅಥವಾ ರಿಯರ್‌ಗೆ ಬದಲಾಯಿಸಿ. ಆಮೇಲೂ ಹಿಂದೆ ಕೇಳಿಸದಿದ್ದರೆ ಫೇಡರ್ (ಶಬ್ದವನ್ನು ಮುಂದೆ ಹಿಂದೆ ಹಂಚುವ ಸೆಟ್ಟಿಂಗ್) ಪೂರ್ತಿ ಮುಂದಕ್ಕೆ ತಳ್ಳಿದ್ದಾರಾ ನೋಡಿ. ಮಲಗಿದ ಕೂಸು ಏಳಬಾರದು ಎಂದು ಯಾರೋ ಮಾಡಿ ಮರೆತಿರುತ್ತಾರೆ.

## ಡಿಸ್ಕ್ ಹಾಕಿದರೆ ಎರರ್, ಅಥವಾ ಹೊರಗೆ ತಳ್ಳುತ್ತದೆ

ಊರಿಂದ ಬಂದ ಅಪ್ಪ ಅಮ್ಮ ಸೂಟ್‌ಕೇಸಿನಲ್ಲಿ ಒಂದಿಷ್ಟು ಡಿಸ್ಕ್ ತಂದಿರುತ್ತಾರೆ. ಇಂಗ್ಲಿಷ್ ಕಾರ್ಟೂನ್ ಓಡುತ್ತದೆ, ಕನ್ನಡ ಸಿನಿಮಾ ಓಡುವುದಿಲ್ಲ. ಪ್ಲೇಯರ್ ಕೆಟ್ಟಿಲ್ಲ.

ಡಿವಿಡಿಗೆ ಪ್ರದೇಶದ ಸಂಖ್ಯೆ ಇರುತ್ತದೆ. ಅಮೆರಿಕ 1, ಭಾರತ 5. ಕವರಿನ ಹಿಂದೆ ಭೂಗೋಳದ ಚಿಕ್ಕ ಚಿತ್ರದೊಳಗೆ ಆ ಸಂಖ್ಯೆ ನೋಡಿ. 5 ಮಾತ್ರ ಇದ್ದರೆ ಅಮೆರಿಕದ ಗಾಡಿ ಅದನ್ನು ಓದುವುದಿಲ್ಲ. ಆಲ್ ಅಥವಾ 0 ಇದ್ದರೆ ಓದಬಹುದು, ಆದರೆ ಎನ್‌ಟಿಎಸ್‌ಸಿ ಎಂದೂ ಬರೆದಿರಬೇಕು. ಭಾರತದ ಟಿವಿ ಪದ್ಧತಿ ಪಾಲ್, ಅಮೆರಿಕದ್ದು ಎನ್‌ಟಿಎಸ್‌ಸಿ. ಪಾಲ್ ಡಿಸ್ಕ್ ಹಾಕಿದರೆ ಕೆಲವು ಪ್ಲೇಯರ್ ಎರರ್ ಕೊಡುತ್ತವೆ, ಕೆಲವು ಚಿತ್ರವನ್ನು ಕಪ್ಪು ಬಿಳುಪಾಗಿಸಿ ಉರುಳಿಸುತ್ತವೆ. ವಿದೇಶಕ್ಕೆಂದೇ ಮಾಡಿದ ಎಷ್ಟೋ ಭಾರತೀಯ ಡಿವಿಡಿಗಳು ಆಲ್ ರೀಜನ್, ಎನ್‌ಟಿಎಸ್‌ಸಿ. ಅಂಥವು ಸಲೀಸಾಗಿ ಓಡುತ್ತವೆ. ಬ್ಲೂರೇ ಇರುವ ಗಾಡಿಯಲ್ಲೂ ಇದೇ ಕಥೆ, ಅಮೆರಿಕ ಎ, ಭಾರತ ಸಿ.

ಹಳೆಯ ಕನ್ನಡ ಚಿತ್ರಗಳಲ್ಲಿ ಬಹಳಷ್ಟು ವಿಸಿಡಿಯಲ್ಲಿ ಬಂದವು. ಎರಡು ಡಿಸ್ಕಿನ ಸೆಟ್ ಇದ್ದರೆ ಅದು ವಿಸಿಡಿಯೇ ಇರಬಹುದು, ಲೇಬಲ್ ನೋಡಿ. ಅಮೆರಿಕದ ಕಾರಿನ ಪ್ಲೇಯರುಗಳಲ್ಲಿ ವಿಸಿಡಿ ಓದದವು ಬೇಕಾದಷ್ಟಿವೆ. ಮದುವೆ ವಿಡಿಯೋ, ನಾಮಕರಣದ ವಿಡಿಯೋ ಇಂಥ ಮನೆಯಲ್ಲಿ ಬರೆದ ಡಿಸ್ಕ್ ಆದರೆ ಬರೆದವರು ಅದನ್ನು ಫೈನಲೈಸ್ ಮಾಡಿರಬೇಕು, ಅಂದರೆ ಬೇರೆ ಪ್ಲೇಯರ್ ಓದುವಂತೆ ಬರೆದು ಮುಗಿಸಿರಬೇಕು. ಸುಮ್ನೆ ಎಂಪಿ4 ಫೈಲ್ ಕಾಪಿ ಮಾಡಿದ್ದರೆ ಹೆಚ್ಚಿನ ಹಳೆಯ ಪ್ಲೇಯರ್ ಅದನ್ನು ಸಿನಿಮಾ ಎಂದೇ ಒಪ್ಪುವುದಿಲ್ಲ.

ಎಲ್ಲ ಡಿಸ್ಕೂ ಓದುತ್ತಿಲ್ಲ ಅಂದರೆ ವಿಷಯ ಬೇರೆ. ಮಿಶಿಗನ್, ಮಿನ್ನೆಸೋಟದ ಚಳಿಯಲ್ಲಿ ರಾತ್ರಿಯಿಡೀ ಹೊರಗೆ ನಿಂತ ಗಾಡಿಯಲ್ಲಿ ಹೀಟರ್ ಹಾಕಿದ ಕೂಡಲೇ ಲೆನ್ಸಿನ ಮೇಲೆ ತೇವ ಕಟ್ಟುತ್ತದೆ. ಡಿಸ್ಕ್ ತೆಗೆದು ಒಂದು ಗಂಟೆ ಬಿಡಿ. ಟೆಕ್ಸಸ್, ಅರಿಜೋನಾದ ಬೇಸಿಗೆಯಲ್ಲಿ ಉಲ್ಟಾ, ಪ್ಲೇಯರ್ ಬಿಸಿಯಾಗಿ ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ. ಎಸಿ ಹಾಕಿ ಕಾಯಿರಿ. ಎರಡೂ ಅಲ್ಲದಿದ್ದರೆ ಲೆನ್ಸ್ ಕ್ಲೀನ್ ಮಾಡುವ ಡಿಸ್ಕ್ ಒಂದು ಸಲ ಹಾಕಿ ನೋಡಿ. ಅದಕ್ಕೂ ಬಗ್ಗದಿದ್ದರೆ ಲೇಸರ್ ದಣಿದಿದೆ.

ಡಿಸ್ಕ್ ಒಳಗೇ ಸಿಕ್ಕಿಕೊಂಡರೆ ಗಾಡಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ, ಎಜೆಕ್ಟ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಚಾಕು, ಕ್ರೆಡಿಟ್ ಕಾರ್ಡ್ ತೂರಿಸಬೇಡಿ. ಕಾಗದದ ಲೇಬಲ್ ಅಂಟಿಸಿದ ಡಿಸ್ಕ್ ಬಿಸಿಗೆ ಬಿಟ್ಟುಕೊಂಡು ಒಳಗೆ ಸುತ್ತಿಕೊಳ್ಳುತ್ತದೆ. ಅಂಥದ್ದನ್ನು ಹಾಕಲೇಬೇಡಿ.

## ಫೋನ್ ಅಥವಾ ಸ್ಟಿಕ್ ಹಾಕಿದರೆ ಸ್ಕ್ರೀನ್ ಕಪ್ಪು

ಈಗೆಲ್ಲ ಡಿಸ್ಕ್ ಯಾರು ಹಾಕುತ್ತಾರೆ, ಎಲ್ಲರೂ ಎಚ್‌ಡಿಎಂಐ (ಚಿತ್ರ, ಶಬ್ದ ಎರಡನ್ನೂ ತರುವ ಕೇಬಲಿನ ತೂತು) ಕೇಳುವವರೇ. ಮೊದಲ ಪ್ರಶ್ನೆ: ಸೋರ್ಸ್ ಎಚ್‌ಡಿಎಂಐಗೆ ಬದಲಾಯಿಸಿದಿರಾ? ಕೇಬಲ್ ಚುಚ್ಚಿದ ಕೂಡಲೇ ತಾನಾಗಿ ಬದಲಾಗುತ್ತದೆ ಎಂದುಕೊಳ್ಳಬೇಡಿ. ಎರಡನೆಯದು, ಕೇಬಲ್. ಸೀಟಿನ ಹಳಿಯಡಿ ಸಿಕ್ಕಿ ಜಜ್ಜಿಹೋಗಿರುತ್ತದೆ. ಮನೆಯ ಟಿವಿಯ ಕೇಬಲ್ ತಂದು ನೋಡಿ.

ಇಂಟರ್‌ನೆಟ್‌ನಿಂದ ಸಿನಿಮಾ ತೋರಿಸುವ ಸ್ಟಿಕ್ ಆನ್ ಆಗಿ, ಲೋಗೋ ತೋರಿಸಿ, ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದ್ದರೆ ಕರೆಂಟ್ ಸಾಲುತ್ತಿಲ್ಲ. ಗಾಡಿಯ ಹಳೆಯ ಯುಎಸ್‌ಬಿ ಪೋರ್ಟ್ ಅರ್ಧ ಆಂಪಿಯರ್ ಮಾತ್ರ ಕೊಡಬಹುದು. ಸ್ಟಿಕ್‌ಗೆ 1 ಆಂಪಿಯರ್ ಆದರೂ ಬೇಕು. ಸಿಗರೇಟ್ ಲೈಟರ್ ತೂತಿಗೆ ಹಾಕುವ ಒಳ್ಳೆಯ ಚಾರ್ಜರಿನಿಂದ ಕೊಡಿ. ಇನ್ನೊಂದು, ಹೊಸ 4ಕೆ ಸ್ಟಿಕ್ ಕಳಿಸುವ ಚಿತ್ರವನ್ನು ಹತ್ತು ವರ್ಷ ಹಳೆಯ ಸ್ಕ್ರೀನ್ ಒಪ್ಪದಿರಬಹುದು. ಮನೆಯ ಟಿವಿಗೆ ಹಾಕಿ ಸೆಟ್ಟಿಂಗಿನಲ್ಲಿ 720ಪಿ ಮಾಡಿಕೊಂಡು ತನ್ನಿ. ಸ್ಟಿಕ್‌ಗೆ ಇಂಟರ್‌ನೆಟ್ ಬೇಕು, ಫೋನಿನ ಹಾಟ್‌ಸ್ಪಾಟಿಗೆ ಮನೆಯಲ್ಲೇ ಜೋಡಿಸಿಡಿ. ಹೋಟೆಲಿನ ಪಾರ್ಕಿಂಗಿನಲ್ಲಿ ಪಾಸ್‌ವರ್ಡ್ ಒಂದೊಂದೇ ಅಕ್ಷರ ಒತ್ತುತ್ತಾ ಕೂರುವ ಕರ್ಮ ಬೇಡ.

ಫೋನಿನದ್ದು ಬೇರೆ ತಲೆನೋವು. ಯುಎಸ್‌ಬಿ-ಸಿ ಇದ್ದ ಮಾತ್ರಕ್ಕೆ ಚಿತ್ರ ಹೊರಗೆ ಬರುವುದಿಲ್ಲ, ಫೋನಿನಲ್ಲಿ ಡಿಸ್‌ಪ್ಲೇಪೋರ್ಟ್ ಸೌಲಭ್ಯವೂ ಇರಬೇಕು. ಸ್ಯಾಮ್‌ಸಂಗ್‌ನ ಎಸ್ ಸರಣಿಯಲ್ಲಿದೆ, ಅಗ್ಗದ ಫೋನುಗಳಲ್ಲಿ ಸಾಮಾನ್ಯವಾಗಿ ಇಲ್ಲ. ಪಿಕ್ಸೆಲ್ 8ಕ್ಕಿಂತ ಹಿಂದಿನ ಪಿಕ್ಸೆಲ್‌ಗಳಲ್ಲಿ ಇಲ್ಲ. ಐಫೋನ್ 14ರವರೆಗಿನ ಫೋನಿಗೆ ಲೈಟ್ನಿಂಗ್ ಅಡಾಪ್ಟರ್ ಬೇಕು. ಅದರ ಪಕ್ಕದ ಇನ್ನೊಂದು ತೂತಿಗೆ ಚಾರ್ಜರನ್ನೂ ಚುಚ್ಚಿಡಿ.

ಯೂಟ್ಯೂಬ್ ಚೆನ್ನಾಗಿ ಬಂದು, ದುಡ್ಡು ಕೊಟ್ಟ ಓಟಿಟಿಯಲ್ಲಿ ಮಾತ್ರ ಶಬ್ದ ಇದ್ದು ಚಿತ್ರ ಕಪ್ಪಾದರೆ ಅದು ನಕಲು ತಡೆಯುವ ಎಚ್‌ಡಿಸಿಪಿ. ನಡುವೆ ಅಗ್ಗದ ಕನ್ವರ್ಟರ್ ಇದ್ದರೆ ತೆಗೆದು ನೇರ ಜೋಡಿಸಿ. ಎಚ್‌ಡಿಎಂಐ ಇಲ್ಲದ, ಹಳದಿ ಬಿಳಿ ಕೆಂಪು ತೂತಿರುವ ಹಳೆಯ ವ್ಯಾನಿನಲ್ಲಿ ಕನ್ವರ್ಟರ್ ಬೇಕೇ ಬೇಕು. ಅಲ್ಲಿ ಈ ತೊಂದರೆ ಪೂರ್ತಿ ತಪ್ಪುತ್ತದೆ ಎಂದು ಭರವಸೆ ಇಟ್ಟುಕೊಳ್ಳಬೇಡಿ.

ಪೆನ್‌ಡ್ರೈವ್ ಓದದಿದ್ದರೆ ಅದನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ. 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಅದರಲ್ಲಿ ಕೂರುವುದಿಲ್ಲ.

## ಸ್ಕ್ರೀನ್ ಮಂಕು, ಮಿಣುಕು, ಅಥವಾ ಅಲುಗಿಸಿದರೆ ಮಾತ್ರ ಬರುತ್ತದೆ

ಮೊದಲು ಬ್ರೈಟ್‌ನೆಸ್ ನೋಡಿ. ಚಳಿಯ ಬೆಳಿಗ್ಗೆ ಸ್ಕ್ರೀನ್ ನಿಧಾನವಾಗಿ ಚುರುಕಾಗುವುದು ಸಹಜ, ಗಾಡಿ ಬೆಚ್ಚಗಾಗಲಿ.

ಶಬ್ದ ಇದೆ, ಚಿತ್ರ ಇಲ್ಲ ಅಂದಾಗ ಕತ್ತಲಲ್ಲಿ ಫೋನಿನ ಟಾರ್ಚನ್ನು ಸ್ಕ್ರೀನಿಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಓಡಾಡುವುದು ಕಂಡರೆ ಹಿಂದಿನ ಬೆಳಕು ಸತ್ತಿದೆ, ಉಳಿದದ್ದು ಜೀವಂತ. ಹಳೆಯ ಸ್ಕ್ರೀನುಗಳಲ್ಲಿ ಆ ಬೆಳಕು ಸಣ್ಣ ಟ್ಯೂಬ್, ಅದಕ್ಕೆ ಕೊಡುವ ಸರ್ಕ್ಯೂಟಿನಲ್ಲಿ ನೂರಾರು ವೋಲ್ಟ್ ಇರುತ್ತದೆ. ಸ್ಕ್ರೀನಿನ ಡಬ್ಬಿ ನೀವೇ ಬಿಚ್ಚಬೇಡಿ.

ಮಡಚುವ ಸ್ಕ್ರೀನ್ ಒಂದು ಕೋನದಲ್ಲಿ ಬಂದು ಇನ್ನೊಂದರಲ್ಲಿ ಹೋದರೆ ಕೀಲಿನ ಒಳಗೆ ಹಾದುಹೋಗುವ ಚಪ್ಪಟೆ ಕೇಬಲ್ ಸವೆದಿದೆ. ವರ್ಷಗಟ್ಟಲೆ ತೆಗೆದು ಮುಚ್ಚಿದ್ದರ ಫಲ. ರಿಪೇರಿಯಾಗುವ ತನಕ ಚಿತ್ರ ಬರುವ ಕೋನದಲ್ಲೇ ಬಿಟ್ಟು ನೋಡಬಹುದು. ಆದರೆ ಮಕ್ಕಳು ಹತ್ತಿ ಇಳಿಯುವಾಗ ಹಣೆಗೆ ಬಡಿಯುವ ಎತ್ತರ ಅದು. ಸುಟ್ಟ ವಾಸನೆ ಬಂದರೆ, ಡಬ್ಬಿ ವಿಪರೀತ ಬಿಸಿಯಾದರೆ ಆಫ್ ಮಾಡಿ, ಮತ್ತೆ ಆನ್ ಮಾಡಿ ಪರೀಕ್ಷೆ ಮಾಡಬೇಡಿ.

## ಏನೂ ಆನ್ ಆಗುತ್ತಿಲ್ಲ

ಮುಂದಿನ ರೇಡಿಯೋ ಬರುತ್ತಿದೆಯಾ? ಅದೂ ಇಲ್ಲವಾದರೆ ತೊಂದರೆ ದೊಡ್ಡದು, ಅಥವಾ ತೀರಾ ಚಿಕ್ಕದು. ಬ್ಯಾಟರಿ ಬದಲಾಯಿಸಿದ ಮೇಲೆ ಹಳೆಯ ಹೋಂಡಾ ರೇಡಿಯೋಗಳು ಕೋಡ್ ಕೇಳುತ್ತವೆ. ಗ್ಲೋವ್ ಬಾಕ್ಸಿನೊಳಗಿನ ಸ್ಟಿಕ್ಕರಿನಲ್ಲಿ ಇರಬಹುದು, ಇಲ್ಲವೇ ವಿಐಎನ್ (ಗಾಡಿಯ ಗುರುತಿನ ನಂಬರ್) ಮತ್ತು ರೇಡಿಯೋದ ಸೀರಿಯಲ್ ನಂಬರ್ ಕೊಟ್ಟರೆ ಹೋಂಡಾದವರೇ ಕೊಡುತ್ತಾರೆ.

ರೇಡಿಯೋ ಬಂದು ಹಿಂದಿನದು ಮಾತ್ರ ಸತ್ತಿದ್ದರೆ ಫ್ಯೂಸ್. ಫ್ಯೂಸ್ ಪೆಟ್ಟಿಗೆ ಸಾಮಾನ್ಯವಾಗಿ ಎರಡು ಕಡೆ, ಡ್ಯಾಶ್‌ಬೋರ್ಡಿನಡಿ ಒಂದು, ಬಾನೆಟ್ಟಿನಡಿ ಒಂದು. ಗಾಡಿ ಆಫ್ ಮಾಡಿ, ಮ್ಯಾನ್ಯುಯಲ್ ನೋಡಿ ಸರಿಯಾದದ್ದನ್ನು ಎಳೆಯಿರಿ. ಒಳಗಿನ ಲೋಹದ ಎಳೆ ತುಂಡಾಗಿದ್ದರೆ ಹೋಗಿದೆ. ಅಷ್ಟೇ ಆಂಪಿಯರಿನದ್ದು ಹಾಕಿ. ಬಣ್ಣವೇ ಗುರುತು: 10 ಕೆಂಪು, 15 ನೀಲಿ, 20 ಹಳದಿ. ದೊಡ್ಡದು ಹಾಕಿದರೆ ಫ್ಯೂಸಿನ ಬದಲು ವೈರ್ ಸುಡುತ್ತದೆ. ಹೊಸ ಫ್ಯೂಸೂ ತಕ್ಷಣ ಹೋದರೆ ಎಲ್ಲೋ ಶಾರ್ಟ್ ಇದೆ, ಇನ್ನೊಂದು ಹಾಕಿ ನೋಡಬೇಡಿ.

ಇತ್ತೀಚೆಗೆ ಡ್ಯಾಶ್‌ಕ್ಯಾಮ್ ಹಾಕಿಸಿದ್ದೀರಾ? ಹಾಕಿದವರು ಕರೆಂಟ್ ತೆಗೆಯಲು ಇದೇ ಫ್ಯೂಸನ್ನು ಕದ್ದಿರಬಹುದು, ವಾಪಸ್ ಕೂರಿಸುವಾಗ ಸಡಿಲ ಬಿಟ್ಟಿರಬಹುದು. ಅದನ್ನು ಮೊದಲು ನೋಡಿ.

ಫ್ಯೂಸ್ ಚೆನ್ನಾಗಿದ್ದರೆ ಅದನ್ನೇ ಕೆಲವು ನಿಮಿಷ ಹೊರಗಿಟ್ಟು ಮತ್ತೆ ಹಾಕಿ. ಸಿಕ್ಕಿಹಾಕಿಕೊಂಡ ಕಂಪ್ಯೂಟರ್ ಹೊಸದಾಗಿ ಶುರುವಾಗುತ್ತದೆ. ಎಷ್ಟೋ ಸಲ ಇಷ್ಟರಲ್ಲೇ ಮುಗಿಯುತ್ತದೆ.

## ಇಲ್ಲಿಂದ ಮುಂದೆ ಬೇರೆಯವರ ಕೆಲಸ

ಛಾವಣಿಯ ಬಟ್ಟೆ, ಕಂಬಗಳ ಪ್ಲಾಸ್ಟಿಕ್ ನೀವು ಬಿಚ್ಚಬೇಡಿ. ಪಕ್ಕದ ಕಿಟಕಿಗಳ ಮೇಲೆ, ಛಾವಣಿಯ ಅಂಚಿನುದ್ದಕ್ಕೂ ಕರ್ಟನ್ ಏರ್‌ಬ್ಯಾಗ್ ಮಡಚಿಟ್ಟಿರುತ್ತಾರೆ. ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದ್ದು ಎಂದೇ ತಿಳಿಯಿರಿ. ಅದನ್ನು ಕೆಣಕಿ ತಾನಾಗಿ ಬಿಚ್ಚಿಕೊಂಡರೆ ಪೆಟ್ಟು ಗ್ಯಾರಂಟಿ. ಅದಕ್ಕಿಂತ ಕೆಟ್ಟದ್ದು, ತಪ್ಪಾಗಿ ಮುಚ್ಚಿದ ಏರ್‌ಬ್ಯಾಗ್ ಅಪಘಾತದಲ್ಲಿ ಬಿಚ್ಚಿಕೊಳ್ಳದೇ ಹೋಗುವುದು.

ಡೀಲರಿಗಿಂತ ಮೊದಲು ಕಾರ್ ಆಡಿಯೋ ಅಂಗಡಿಗೆ ಹೋಗಿ ಅನ್ನುವುದು ನನ್ನ ಸಲಹೆ. "ಟಿವಿ ಬರ್ತಿಲ್ಲ" ಅಂದರೆ ಅವರು ಮೊದಲಿನಿಂದ ಶುರು ಮಾಡಿ ಗಂಟೆಗಿಷ್ಟು ಅಂತ ಬಿಲ್ ಹಾಕುತ್ತಾರೆ. "ಡಿಸ್ಕಿನ ಚಿತ್ರ ಬರುತ್ತದೆ, ಎಚ್‌ಡಿಎಂಐ ಬರಲ್ಲ, ಎರಡು ಕೇಬಲ್ ನೋಡಿದೆ" ಅಂದರೆ ಅರ್ಧ ಕೆಲಸ ಮುಗಿದ ಹಾಗೆ. ಎರರ್ ಬಂದರೆ ಫೋಟೋ ತೆಗೆದುಕೊಳ್ಳಿ. ಹೋಗುವ ಮುನ್ನ ಎನ್‌ಎಚ್‌ಟಿಎಸ್‌ಎ (ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ) ವೆಬ್‌ಸೈಟಿನಲ್ಲಿ ವಿಐಎನ್ ಹಾಕಿ ರೀಕಾಲ್ (ಕಂಪನಿಯೇ ಗಾಡಿ ವಾಪಸ್ ಕರೆಸಿ ಸರಿಮಾಡುವ ದೋಷ) ಇದೆಯಾ ನೋಡಿ. ಇದ್ದರೆ ಆ ರಿಪೇರಿಗೆ ಸಾಮಾನ್ಯವಾಗಿ ಕಾಸು ಕೊಡಬೇಕಿಲ್ಲ.

ಡಿವಿಡಿ ಪ್ಲೇಯರ್ ಮಾತ್ರ ಸತ್ತು ಎಚ್‌ಡಿಎಂಐ ಚೆನ್ನಾಗಿದ್ದರೆ ಅದಕ್ಕೆ ದುಡ್ಡು ಸುರಿಯಬೇಡಿ. ಸ್ಕ್ರೀನೇ ಹೋದರೆ ಜಂಕ್‌ಯಾರ್ಡಿನಲ್ಲಿ ಅದೇ ಪಾರ್ಟ್ ನಂಬರಿನದ್ದು ಸಿಗಬಹುದು, ಕೂರಿಸುವ ಕೂಲಿ ಮೊದಲೇ ಕೇಳಿಕೊಳ್ಳಿ. ಹದಿನೈದು ವರ್ಷದ ವ್ಯಾನಿಗೆ ಹೊಸ ಸ್ಕ್ರೀನ್ ಹಾಕಿಸುವುದು ನನಗಂತೂ ದಂಡ ಅನ್ನಿಸುತ್ತದೆ. ಟ್ಯಾಬ್ಲೆಟ್ ಸಾಕು. ಆದರೆ ತಲೆದಿಂಬಿಗೆ ಬಿಗಿಯಾಗಿ ಕೂರುವ ಹೋಲ್ಡರ್ ಇರಲಿ, ಜೋರಾಗಿ ಬ್ರೇಕ್ ಹಾಕಿದಾಗ ಕೈಯಲ್ಲಿ ಹಿಡಿದದ್ದು ಹಾರಿಬರುತ್ತದೆ. ಕೆಟ್ಟ ಸ್ಕ್ರೀನನ್ನು ಬಿಚ್ಚಿಸದೆ ಮಡಚಿ ಬಿಟ್ಟರೂ ಏನೂ ಆಗುವುದಿಲ್ಲ. ಅದರ ಫ್ಯೂಸ್ ತೆಗೆದಿಡುವ ಯೋಚನೆ ಇದ್ದರೆ ಮಾತ್ರ ಅದೇ ಫ್ಯೂಸಿನ ಮೇಲೆ ಬೇರೇನೇನು ನಡೆಯುತ್ತದೆ ಎಂದು ಮ್ಯಾನ್ಯುಯಲ್‌ನಲ್ಲಿ ಓದಿಕೊಂಡು ಆಮೇಲೆ ಎಳೆಯಿರಿ.